ಪರ್ಲ್ ಇನ್ನೂ ಬದುಕಿದೆಯಾ ಎಂದು ಕೇಳುವವರಿಗೆ

ಕಳೆದ ತಿಂಗಳು ನಮ್ಮ ಪುಣೆ ಆಫೀಸಿನಲ್ಲಿ ಒಂದು ಮೀಟಿಂಗ್ ಇತ್ತು. ಕಂಪನಿಯಲ್ಲಿ ಬಳಕೆಯಲ್ಲಿರುವ ಸಾಫ್ಟ್‌ವೇರ್‌ಗಳ ಪಟ್ಟಿಯನ್ನು ಪರದೆಯ ಮೇಲೆ ಹಾಕಿಕೊಂಡು, ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆದು ಹೊಸದಾಗಿ ಮಾಡಿಸಬೇಕು ಎಂಬ ಚರ್ಚೆ. ಹೊಸದಾಗಿ ಬಂದಿರುವ ನಮ್ಮ ಮುಖ್ಯಸ್ಥರು ಒಂದೊಂದೇ ಸಾಲು ಓದುತ್ತ ಬಂದು 17ನೇ ಸಾಲಿನಲ್ಲಿ ನಿಂತರು. 'ಇದೇನು, ಪರ್ಲ್? ಇನ್ನೂ ಬದುಕಿದೆಯಾ ಅದು?' ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

17ನೇ ಸಾಲಿನಲ್ಲಿದ್ದದ್ದು ನಾನೇ ಬರೆದ ಅಪ್ಲಿಕೇಶನ್. ಆ ಹೊತ್ತಿಗೂ ಕಾರ್ಖಾನೆಯ ಗೇಟಿನಲ್ಲಿ ಅದು ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಸಂಜೆ ಮನೆಗೆ ಬರುವಾಗ ನಕ್ಕದ್ದಕ್ಕೆ ನಾಚಿಕೆಯಾಯಿತು. ಅಪ್ಲಿಕೇಶನ್ ಕೆಟ್ಟದ್ದು ಎನಿಸಿದ್ದರೆ ಬಾಯಿಬಿಟ್ಟು ಹೇಳಬೇಕಿತ್ತು, ಒಳ್ಳೆಯದು ಎನಿಸಿದ್ದರೂ ಹೇಳಬೇಕಿತ್ತು. ಎರಡನ್ನೂ ಮಾಡದೆ ಎಲ್ಲರ ಜೊತೆ ಸೇರಿ ನಕ್ಕೆ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಐಟಿ ಕೆಲಸ ಮಾಡಿಕೊಂಡಿರುವ ನಮ್ಮವರಲ್ಲಿ ಎಷ್ಟೋ ಜನರ ಹೆಸರಿನಲ್ಲಿ ಇಂಥದ್ದೊಂದು 17ನೇ ಸಾಲು ಇದ್ದೇ ಇರುತ್ತದೆ.

ಗೇಟಿನ ರಿಜಿಸ್ಟರು

ನಾನು ಗದಗ ಕಡೆಯವನು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ 2004ರಲ್ಲಿ ಪುಣೆಗೆ ಬಂದೆ. ಈಗಿನ ನಮ್ಮ ಕಂಪನಿ ವಾಹನಗಳ ಬಿಡಿಭಾಗ ತಯಾರಿಸುತ್ತದೆ, ಕಾರ್ಖಾನೆ ಇರುವುದು ಚಾಕಣ್‌ನಲ್ಲಿ. ದಿನವಿಡೀ ಟ್ರಕ್ಕುಗಳು ಬರುತ್ತಿರುತ್ತವೆ. ಗೇಟಿನಲ್ಲಿ ಸೆಕ್ಯುರಿಟಿಯವರು ಗಾಡಿಯ ನಂಬರು, ಸರಬರಾಜುದಾರರ ಹೆಸರು, ಚಲನ್ ಸಂಖ್ಯೆ, ಬಂದ ಹೊತ್ತು ಇವನ್ನು ದಾಖಲಿಸಬೇಕು. ಆ ದಾಖಲೆಗೊಂದು ನಂಬರು ಬಿದ್ದ ಮೇಲೆಯೇ ಸ್ಟೋರ್ಸ್‌ನವರು ಮಾಲು ಇಳಿಸಿಕೊಂಡು ಲೆಕ್ಕಕ್ಕೆ ಹಿಡಿಯುವುದು. ಇಷ್ಟೇ ಕೆಲಸ. ಆದರೆ ಇದು ನಿಂತರೆ ಒಂದೆರಡು ಗಂಟೆಯಲ್ಲಿ ಒಳಗಿನ ಲೈನೂ ನಿಲ್ಲುತ್ತದೆ.

ನಾನು ಸೇರಿದಾಗ ಈ ಕೆಲಸಕ್ಕೆ ಒಂದು ಸಿಜಿಐ ಪ್ರೋಗ್ರಾಮ್ ಇತ್ತು. ಬರೆದವರು ಕಂಪನಿ ಬಿಟ್ಟು ಹೋಗಿದ್ದರು. ಕಂಪ್ಯೂಟರ್ ಕೆಲಸದಲ್ಲಿ ಇಲ್ಲದ ಓದುಗರಿಗಾಗಿ ಹೇಳುವುದಾದರೆ, ಸಿಜಿಐ ಎಂಬುದು ವೆಬ್‌ನ ಮೊದಲ ವರ್ಷಗಳ ಪದ್ಧತಿ. ಬ್ರೌಸರ್‌ನಿಂದ ಒಂದು ಬೇಡಿಕೆ ಬಂದರೆ ಸರ್ವರ್ ಪ್ರತಿ ಸಲವೂ ಪರ್ಲ್ ಅನ್ನು ಹೊಸದಾಗಿ ಎಬ್ಬಿಸುತ್ತದೆ. ಅದು ಇಡೀ ಪ್ರೋಗ್ರಾಮನ್ನು ಮೊದಲಿನಿಂದ ಓದಿ, ಡೇಟಾಬೇಸಿಗೆ ಸಂಪರ್ಕ ಮಾಡಿ, ಉತ್ತರ ಕೊಟ್ಟು ಮಲಗಿಬಿಡುತ್ತದೆ. ಮುಂದಿನ ಬೇಡಿಕೆಗೆ ಮತ್ತೆ ಅದೇ ಕಥೆ. ಒಂದೊಂದು ಕಪ್ ಚಹಾಕ್ಕೂ ಒಲೆ ಹೊತ್ತಿಸಿ ಆರಿಸಿದ ಹಾಗೆ. ಮನೆಗೆ ಬಂದ ಇಬ್ಬರಿಗೆ ಚಹಾ ಮಾಡಲು ತೊಂದರೆಯಿಲ್ಲ, ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಇದು ನಡೆಯುವುದಿಲ್ಲ. ಗೇಟುಗಳು ಎರಡರಿಂದ ಐದಾದಾಗ ನಮ್ಮ ಪ್ರೋಗ್ರಾಮೂ ಏದುಸಿರು ಬಿಡತೊಡಗಿತ್ತು.

ಅದು ಒಂದು ದಿನ ಪೂರ್ತಿ ನಿಂತೇ ಹೋಯಿತು. 2016ರಲ್ಲಿ ಹಳೆಯ ಸರ್ವರ್ ತೆಗೆದು ಹೊಸದು ಹಾಕಿದ್ದೆವು. ಬೆಳಿಗ್ಗೆ ಗೇಟಿನಿಂದ ಫೋನು: ಪರದೆಯ ಮೇಲೆ ಬರೀ ಎರರ್ ಬರುತ್ತಿದೆ. ಸಿಜಿಐ ಪ್ರೋಗ್ರಾಮುಗಳಿಗೆ ಬೇಕಾದ ಮಾಡ್ಯೂಲ್ ಅಲ್ಲಿಯವರೆಗೆ ಪರ್ಲ್ ಜೊತೆಗೇ ಬರುತ್ತಿತ್ತು. 2015ರಲ್ಲಿ ಬಂದ 5.22ನೇ ಆವೃತ್ತಿಯಿಂದ ಅದನ್ನು ತೆಗೆದುಹಾಕಿದ್ದರು. ಹಿಂದಿನ ವರ್ಷದ ಆವೃತ್ತಿಯಲ್ಲೇ ಎಚ್ಚರಿಕೆಯನ್ನೂ ಕೊಟ್ಟಿದ್ದರು. ನಾವು ಓದಿರಲಿಲ್ಲ. ಮಾಡ್ಯೂಲನ್ನು ಬೇರೆಯಾಗಿ ತಂದು ಹಾಕಲು ಅರ್ಧ ಗಂಟೆ ಸಾಕಾಯಿತು. ಅಷ್ಟರಲ್ಲಿ ಟ್ರಕ್ಕುಗಳ ಸಾಲು ಮುಖ್ಯರಸ್ತೆಗೆ ಬಂದಿತ್ತು.

ಆಗ ಕಂಪನಿಯ ಮುಂದೆ ಎರಡು ದಾರಿಗಳಿದ್ದವು. ಒಂದು, ಹೊರಗಿನ ಸಂಸ್ಥೆಯೊಂದರಿಂದ ಎಲ್ಲವನ್ನೂ ಹೊಸ ತಂತ್ರಜ್ಞಾನದಲ್ಲಿ ಬುಡದಿಂದ ಬರೆಯಿಸುವುದು. ಅವರು ತಿಂಗಳುಗಟ್ಟಲೆಯ ವೇಳಾಪಟ್ಟಿ ಕೊಟ್ಟರು. ಇನ್ನೊಂದು, ಇದ್ದ ಪರ್ಲ್ ಅನ್ನೇ ಇಟ್ಟುಕೊಂಡು ವೆಬ್‌ನ ಭಾಗವನ್ನು ಮಾತ್ರ ಬದಲಿಸುವುದು. ನಾನೂ ಒಬ್ಬ ಕಿರಿಯ ಸಹೋದ್ಯೋಗಿಯೂ ಎರಡನೆಯದನ್ನು ಮೂರು ವಾರದಲ್ಲಿ ಮಾಡಿ ಮುಗಿಸಿದೆವು. ನಾವು ಬಳಸಿದ್ದು ಮೊಜೊಲಿಷಸ್ ಎಂಬ ಫ್ರೇಮ್‌ವರ್ಕ್‌ನ 'ಲೈಟ್' ರೂಪ.

ಒಂದೇ ಕಡತದ ಅಪ್ಲಿಕೇಶನ್

ಪರ್ಲ್ ಹುಟ್ಟಿದ್ದು 1987ರ ಡಿಸೆಂಬರ್‌ನಲ್ಲಿ. ಬರೆದವರು ಅಮೆರಿಕದ ಲ್ಯಾರಿ ವಾಲ್. ಅವರು ಓದಿದ್ದು ಭಾಷಾವಿಜ್ಞಾನ. ಒಂದೇ ಮಾತನ್ನು ಹಲವು ಬಗೆಯಲ್ಲಿ ಹೇಳಬಹುದಾದ ಮನುಷ್ಯರ ಭಾಷೆಯ ಗುಣವನ್ನು ಅವರು ಕಂಪ್ಯೂಟರ್ ಭಾಷೆಗೂ ತಂದರು. ಒಂದು ಕೆಲಸಕ್ಕೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ ಎಂಬುದು ಪರ್ಲ್‌ನವರ ಘೋಷವಾಕ್ಯವೇ ಆಯಿತು. ತೊಂಬತ್ತರ ದಶಕದಲ್ಲಿ ವೆಬ್ ಬೆಳೆದಾಗ ಫಾರ್ಮ್ ತುಂಬಿಸಿಕೊಳ್ಳುವ, ಉತ್ತರ ಕೊಡುವ ಕೆಲಸಕ್ಕೆ ಜನ ಕೈಗೆತ್ತಿಕೊಂಡದ್ದು ಪರ್ಲ್ ಅನ್ನೇ. ಆಮೇಲೆ ಪಿಎಚ್‌ಪಿ ಬಂತು, ರೂಬಿ ಆನ್ ರೇಲ್ಸ್ ಬಂತು, ಪೈಥಾನ್ ಬಂತು. ಪರ್ಲ್ ಹಿಂದೆ ಬಿತ್ತು. ಇದು ಎಲ್ಲರಿಗೂ ಗೊತ್ತಿರುವ ಕಥೆ.

ಅಷ್ಟಾಗಿ ಗೊತ್ತಿಲ್ಲದ ಕಥೆ 2009ರ ಸುತ್ತಮುತ್ತ ನಡೆದದ್ದು. ಆ ವರ್ಷ ತತ್ಸುಹಿಕೊ ಮಿಯಾಗಾವಾ ಎಂಬ ಜಪಾನಿ ಪ್ರೋಗ್ರಾಮರ್, ವೆಬ್ ಸರ್ವರ್‌ಗೂ ಪರ್ಲ್ ಅಪ್ಲಿಕೇಶನ್‌ಗೂ ನಡುವೆ ಒಂದು ಸರಳ ಒಪ್ಪಂದವನ್ನು ರೂಪಿಸಿದರು. ಅದರ ಹೆಸರು ಪಿಎಸ್‌ಜಿಐ, ಅದನ್ನು ಬಳಸಲು ಬೇಕಾದ ಸಲಕರಣೆಗಳು ಪ್ಲ್ಯಾಕ್. ಪೈಥಾನ್ ಮತ್ತು ರೂಬಿಯಲ್ಲಿ ಅದಾಗಲೇ ಇದ್ದ ಇಂಥದೇ ಒಪ್ಪಂದಗಳನ್ನು ನೋಡಿ ಕಲಿತದ್ದು ಇದು. ಅದೇ ವರ್ಷ ರೂಬಿಯ ಸಿನಾತ್ರಾವನ್ನು ಮಾದರಿಯಾಗಿಟ್ಟುಕೊಂಡು ಡ್ಯಾನ್ಸರ್ ಎಂಬ ಸಣ್ಣ ಫ್ರೇಮ್‌ವರ್ಕ್ ಬಂತು. ಮೊಜೊಲಿಷಸ್ ತನ್ನ 1.0 ಆವೃತ್ತಿಗೆ ಬಂದದ್ದು 2010ರ ಕೊನೆಗೆ. ಅದನ್ನು ಮಾಡಿದ ಸೆಬಾಸ್ಟಿಯನ್ ರೀಡೆಲ್ ಅದಕ್ಕೆ ಮೊದಲು ಕ್ಯಾಟಲಿಸ್ಟ್ ಎಂಬ ಭಾರೀ ಫ್ರೇಮ್‌ವರ್ಕ್ ಶುರುಮಾಡಿದ್ದವರು. ದೊಡ್ಡದನ್ನು ಕಟ್ಟಿ ನೋಡಿದವರೇ ಆಮೇಲೆ ಸಣ್ಣದಕ್ಕೆ ಬಂದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

'ಲೈಟ್' ಎಂದರೆ ಎಷ್ಟು ಹಗುರ? ಒಂದು ಅಪ್ಲಿಕೇಶನ್ ಒಂದೇ ಕಡತದಲ್ಲಿ ಹಿಡಿಸುತ್ತದೆ. ಮೊದಲ ಸಾಲಿನಲ್ಲಿ ಫ್ರೇಮ್‌ವರ್ಕ್‌ನ ಹೆಸರು. ಅದರ ಕೆಳಗೆ ಯಾವ ವಿಳಾಸಕ್ಕೆ ಯಾರಾದರೂ ಬಂದರೆ ಏನು ಮಾಡಬೇಕು ಎಂಬ ಪಟ್ಟಿ: ಈ ವಿಳಾಸಕ್ಕೆ ಬಂದರೆ ಇಂದಿನ ಗಾಡಿಗಳನ್ನು ತೋರಿಸು, ಈ ಫಾರ್ಮ್ ಕಳಿಸಿದರೆ ಹೊಸ ದಾಖಲೆ ಮಾಡು. ಕೊನೆಯಲ್ಲಿ ಪುಟಗಳ ಟೆಂಪ್ಲೇಟು. ಅಷ್ಟೇ. ಬರೆಯುವಾಗ ಬಳಸುವ ಸಣ್ಣ ಸರ್ವರ್ ಅದರ ಜೊತೆಗೇ ಬರುತ್ತದೆ, ಕಡತ ಸೇವ್ ಮಾಡಿದ ಕೂಡಲೇ ಹೊಸ ರೂಪ ಕಾಣಿಸುತ್ತದೆ. ನಿಜವಾದ ಬಳಕೆಗೆ ಇನ್ನೊಂದು ಸರ್ವರ್ ಇದೆ. ಅದು ಸುಮ್ಮನೆ ಬಿಟ್ಟರೆ ನಾಲ್ಕು ಕೆಲಸಗಾರ ಪ್ರಕ್ರಿಯೆಗಳನ್ನು ಎಬ್ಬಿಸಿ ಸದಾ ಸಿದ್ಧವಾಗಿಟ್ಟುಕೊಳ್ಳುತ್ತದೆ. ಅಂದರೆ ಒಲೆ ಆರುವುದಿಲ್ಲ. ಹೊಸ ಆವೃತ್ತಿ ಹಾಕುವಾಗಲೂ ಬಂದ ಬೇಡಿಕೆಯನ್ನು ಬೀಳಿಸದೆ, ಹಳಬರ ಕೈಯಲ್ಲಿರುವ ಕೆಲಸ ಮುಗಿಯುವವರೆಗೆ ಕಾದು ಹೊಸಬರಿಗೆ ಜಾಗ ಮಾಡಿಕೊಡುತ್ತದೆ. ಮೂರು ಪಾಳಿಯ ಕಾರ್ಖಾನೆಗೆ ಇದರ ಬೆಲೆ ಏನೆಂದು ಗೊತ್ತು.

ಈ ಎಲ್ಲದಕ್ಕೂ ಬೇರೆ ಮಾಡ್ಯೂಲುಗಳ ಮೆರವಣಿಗೆ ಬೇಕಿಲ್ಲ. ಇಂದು ಒಂದು ಸಣ್ಣ ವೆಬ್ ಪುಟ ಮಾಡಲು ಹೊರಟರೆ ನೂರಾರು ಪ್ಯಾಕೇಜುಗಳು ಇಳಿದುಬರುವುದನ್ನು ನೋಡಿದವರಿಗೆ ಇದರ ನೆಮ್ಮದಿ ಅರ್ಥವಾದೀತು. ನಮ್ಮ ಗೇಟಿನ ಅಪ್ಲಿಕೇಶನ್ ಇವತ್ತಿಗೂ ಒಬ್ಬ ಮನುಷ್ಯ ಒಂದು ಮಧ್ಯಾಹ್ನದಲ್ಲಿ ಕೂತು ಪೂರ್ತಿ ಓದಿ ಮುಗಿಸಬಹುದಾದಷ್ಟೇ ಇದೆ.

ಹಗುರವೆಂದು ಮೈಮರೆಯಬಾರದು. ಮೊಜೊಲಿಷಸ್ ಲಾಗಿನ್‌ನ ವಿವರವನ್ನು ಬಳಕೆದಾರರ ಬ್ರೌಸರಿನಲ್ಲೇ ಕುಕಿಯಾಗಿ ಇಡುತ್ತದೆ, ಯಾರೂ ತಿದ್ದದಂತೆ ಅದಕ್ಕೆ ತನ್ನ ಸಹಿ ಹಾಕುತ್ತದೆ. ಆ ಸಹಿಗೆ ಬಳಸುವ ಗುಟ್ಟಿನ ಪದವನ್ನು ನಾವೇ ಬದಲಿಸಬೇಕು. ಬದಲಿಸದೆ ಬಿಟ್ಟರೆ ಊಹಿಸಬಲ್ಲವರು ಯಾರು ಬೇಕಾದರೂ ಮ್ಯಾನೇಜರ್ ಆಗಿ ಒಳಗೆ ಬರಬಹುದು. ಬಳಕೆದಾರರು ಬರೆದದ್ದನ್ನು ಹಾಗೇ ಡೇಟಾಬೇಸ್ ಪ್ರಶ್ನೆಗೆ ಅಂಟಿಸದೆ, ಜಾಗ ಬಿಟ್ಟು ಬೇರೆಯಾಗಿ ಕಳಿಸಬೇಕು. ತಿಂಗಳ ವರದಿಯಂಥ ನಿಧಾನದ ಕೆಲಸವನ್ನು ಪುಟ ತೋರಿಸುವ ಪ್ರಕ್ರಿಯೆಯ ಮೇಲೆ ಹೇರದೆ, ಹಿನ್ನೆಲೆಯ ಸರತಿಗೆ ಬಿಡಬೇಕು. ಇರುವ ನಾಲ್ವರೂ ವರದಿ ಮಾಡುತ್ತ ಕೂತರೆ ಗೇಟಿನಲ್ಲಿ ಕೇಳುವವರಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ

ಇಲ್ಲಿಯವರೆಗೆ ಓದಿದವರಿಗೆ ನಾನು ನನ್ನ ಬೆನ್ನು ತಟ್ಟಿಕೊಳ್ಳುತ್ತಿದ್ದೇನೆ ಎನಿಸಿರಬಹುದು. ಇನ್ನರ್ಧ ಕಥೆ ಹೇಳುತ್ತೇನೆ.

2019ರಲ್ಲಿ ಅಪ್ಪನಿಗೆ ಆರಾಮ ತಪ್ಪಿ ಊರಿನ ಕಡೆಯ ಆಸ್ಪತ್ರೆಯಲ್ಲಿದ್ದರು. ನಾನು ರಜೆ ಹಾಕಿ ಹೋಗಿದ್ದೆ. ಅಷ್ಟರಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಕಿರಿಯ ಸಹೋದ್ಯೋಗಿ ಬೇರೆ ಕಂಪನಿ ಸೇರಿಯಾಗಿತ್ತು. ಎರಡನೆಯ ದಿನ ಬೆಳಿಗ್ಗೆ ಆಫೀಸಿನಿಂದ ಫೋನು. ಹೊಚ್ಚ ಹೊಸ ಟ್ರಕ್ಕೊಂದು ಮಾಲು ತಂದಿದೆ, ಅದಕ್ಕಿನ್ನೂ ಕಾಯಂ ನಂಬರು ಬಂದಿಲ್ಲ, ತಾತ್ಕಾಲಿಕ ನೋಂದಣಿಯ ಸಂಖ್ಯೆ ಇದೆ. ಅಪ್ಲಿಕೇಶನ್ ಅದನ್ನು ಗಾಡಿ ನಂಬರೆಂದೇ ಒಪ್ಪುತ್ತಿಲ್ಲ. ಗೇಟಿನ ದಾಖಲೆ ಇಲ್ಲದೆ ಸ್ಟೋರ್ಸ್‌ನವರು ಮಾಲು ಇಳಿಸಿಕೊಳ್ಳುವಂತಿಲ್ಲ. ಆ ಮಾಲಿಗಾಗಿ ಒಳಗೆ ಲೈನು ಕಾಯುತ್ತಿದೆ.

ಗಾಡಿ ನಂಬರು ಸರಿಯಾಗಿದೆಯೇ ಎಂದು ನೋಡಲು ನಾನು ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದಿದ್ದೆ. ಪಠ್ಯದ ನಮೂನೆಗಳನ್ನು ಹಿಡಿಯುವ ಈ ಸೌಲಭ್ಯ ಪರ್ಲ್‌ನ ಜೀವಾಳ. ನನ್ನ ಸೂತ್ರ ಒಂದೇ ಉದ್ದನೆಯ ಸಾಲು, ಒಂದು ಟಿಪ್ಪಣಿಯೂ ಇಲ್ಲ. ಬರೆದ ದಿನ ನನಗೆ ಅದರ ಬಗ್ಗೆ ಹೆಮ್ಮೆಯಿತ್ತು ಎಂಬುದು ಚೆನ್ನಾಗಿ ನೆನಪಿದೆ. ಆಫೀಸಿನಲ್ಲಿ ಕಡತ ತೆರೆದು ಕೂತ ಮರಾಠಿ ಗೆಳೆಯ ಫೋನಿನಲ್ಲಿ ಅದನ್ನು ಒಂದೊಂದೇ ಚಿಹ್ನೆಯಾಗಿ ಓದಿ ಹೇಳತೊಡಗಿದ: ಬ್ಯಾಕ್‌ಸ್ಲ್ಯಾಷ್, ಬ್ರ್ಯಾಕೆಟ್, ಪ್ರಶ್ನಾರ್ಥಕ ಚಿಹ್ನೆ, ಡಾಲರ್. ನಾನು ಕಾರಿಡಾರಿನ ಕಿಟಕಿಯ ಪಕ್ಕ ನಿಂತು, ಔಷಧದ ಚೀಟಿಯ ಹಿಂಬದಿಯಲ್ಲಿ ಅದನ್ನು ಬರೆದುಕೊಂಡೆ. ನಾನೇ ಬರೆದ ಸಾಲನ್ನು ನಾನೇ ಅರ್ಥ ಮಾಡಿಕೊಳ್ಳಲು ಮುಕ್ಕಾಲು ಗಂಟೆ ಹಿಡಿಯಿತು. ವಾಪಸು ಬರುವಷ್ಟರಲ್ಲಿ ಡಾಕ್ಟರು ರೌಂಡ್ಸ್ ಮುಗಿಸಿ ಹೋಗಿದ್ದರು. ಅಪ್ಪನ ಬಗ್ಗೆ ಏನು ಹೇಳಿದರು ಎಂಬುದನ್ನು ಅವ್ವನಿಂದ ಕೇಳಿ ತಿಳಿದುಕೊಳ್ಳಬೇಕಾಯಿತು. ಅವಳಿಗೆ ಅರ್ಧ ನೆನಪಿತ್ತು, ಅರ್ಧ ಇರಲಿಲ್ಲ.

ಪರ್ಲ್ ಬರೆಯಲು ಮಾತ್ರ ಬರುವ, ಓದಲು ಬಾರದ ಭಾಷೆ ಎಂಬ ಹಾಸ್ಯವಿದೆ. ಅಂದು ನಾನೂ ಪರ್ಲ್ ಅನ್ನು ಬೈದುಕೊಂಡೆ. ಆದರೆ ಅದು ಅನ್ಯಾಯದ ಬೈಗುಳ. ಆ ಸೂತ್ರವನ್ನೇ ಹತ್ತು ಸಾಲುಗಳಲ್ಲಿ ಬಿಡಿಸಿ, ಪ್ರತಿ ಸಾಲಿನ ಪಕ್ಕ 'ಇದು ರಾಜ್ಯದ ಅಕ್ಷರ, ಇದು ಜಿಲ್ಲೆಯ ಅಂಕಿ' ಎಂದು ಬರೆಯುವ ಅವಕಾಶ ಪರ್ಲ್‌ನಲ್ಲಿ ಎಷ್ಟೋ ವರ್ಷಗಳಿಂದ ಇದೆ. ಒಂದು ಅಕ್ಷರ ಸೇರಿಸಿದರೆ ಸಾಕು. ನಾನು ಸೇರಿಸಿರಲಿಲ್ಲ. ಹಲವು ದಾರಿಗಳಿವೆ ಎಂದ ಭಾಷೆ, ಎಲ್ಲಕ್ಕಿಂತ ಕಷ್ಟದ ದಾರಿಯನ್ನೇ ಹಿಡಿ ಎಂದು ನನಗೆ ಹೇಳಿರಲಿಲ್ಲ.

ಪರವೂರಿನಲ್ಲಿ ಕೆಲಸ ಮಾಡುವ ನಮಗೆ ಇದು ಬರೀ ತಾಂತ್ರಿಕ ವಿಷಯವಲ್ಲ. ನಮ್ಮ ಅಪ್ಪ ಅವ್ವ ಊರಿನಲ್ಲಿರುತ್ತಾರೆ, ಒಂದಲ್ಲ ಒಂದು ದಿನ ಎಲ್ಲವನ್ನೂ ಬಿಟ್ಟು ರಾತ್ರಿ ಬಸ್ಸು ಹತ್ತಬೇಕಾಗುತ್ತದೆ. 'ಇವರಿಲ್ಲದೆ ನಡೆಯುವುದಿಲ್ಲ' ಎಂದು ಆಫೀಸಿನಲ್ಲಿ ಅನಿಸಿಕೊಳ್ಳುವುದು ನೌಕರಿಗೆ ಭದ್ರತೆ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಅದು ಭದ್ರತೆಯಲ್ಲ, ಕಾಲಿಗೆ ಕಟ್ಟಿದ ಗೂಟ.

ಅಪ್ಪ ಚೇತರಿಸಿಕೊಂಡರು. ನಾನು ಪುಣೆಗೆ ಬಂದು ಮಾಡಿದ ಮೊದಲ ಕೆಲಸ ಆ ಸಾಲನ್ನು ಬಿಡಿಸಿ ಬರೆದದ್ದು. ಆಮೇಲೆ ಒಂದೊಂದಾಗಿ ಪರೀಕ್ಷೆಗಳನ್ನು ಸೇರಿಸಿದೆ. ಮೊಜೊಲಿಷಸ್ ಜೊತೆಗೇ ಬರುವ ಪರೀಕ್ಷೆಯ ಮಾಡ್ಯೂಲ್, ಬ್ರೌಸರ್ ಇಲ್ಲದೆಯೇ ಪುಟಕ್ಕೆ ಹೋಗಿ ಫಾರ್ಮ್ ಕಳಿಸಿ ಬಂದ ಉತ್ತರವನ್ನು ನೋಡುತ್ತದೆ. ಯಾವ ಮಾಡ್ಯೂಲಿನ ಯಾವ ಆವೃತ್ತಿ ಬೇಕು ಎಂಬುದನ್ನು ಬರೆದಿಟ್ಟೆ, 2016ರ ಬೆಳಗು ಮತ್ತೆ ಬಾರದಿರಲಿ ಎಂದು. ಒಂದು ಪುಟದ ಟಿಪ್ಪಣಿ ಬರೆದೆ: ಇದು ಏನು ಮಾಡುತ್ತದೆ, ನಿಂತರೆ ಏನು ಮಾಡಬೇಕು, ಯಾರನ್ನು ಕೇಳಬೇಕು. ಕೊನೆಯದಾಗಿ ಇಬ್ಬರು ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮುಂದಿನ ಬದಲಾವಣೆಯನ್ನು ಅವರ ಕೈಯಿಂದಲೇ ಮಾಡಿಸಿದೆ. ಅವರಿಬ್ಬರಿಗೂ ಪರ್ಲ್ ಗೊತ್ತಿರಲಿಲ್ಲ. ಅಪ್ಲಿಕೇಶನ್ ಸಣ್ಣದಿದ್ದುದರಿಂದ ವಾರದೊಳಗೆ ಹಿಡಿತ ಬಂತು.

ಪೂರ್ತಿ ಕೆಡವಿ ಕಟ್ಟುವ ಆಸೆ

ಹಳೆಯದನ್ನು ಪೂರ್ತಿ ಕೆಡವಿ ಹೊಸದಾಗಿ ಕಟ್ಟೋಣ ಎಂಬ ಆಸೆ ಪ್ರತಿ ಹೊಸ ಮುಖ್ಯಸ್ಥರಿಗೂ ಬರುತ್ತದೆ. ಪರ್ಲ್‌ನವರಿಗೂ ಬಂದಿತ್ತು. ಭಾಷೆಯನ್ನೇ ಬುಡದಿಂದ ಹೊಸದಾಗಿ ರೂಪಿಸುತ್ತೇವೆ, ಅದು ಪರ್ಲ್ 6 ಎಂದು 2000ರಲ್ಲಿ ಘೋಷಿಸಿದರು. ಅದರ ಮೊದಲ ಅಧಿಕೃತ ಬಿಡುಗಡೆ ಆದದ್ದು 2015ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಅದು ಬೇರೆಯೇ ಭಾಷೆಯಾಗಿತ್ತು. 2019ರಲ್ಲಿ ಅದಕ್ಕೆ ರಾಕು ಎಂಬ ಬೇರೆ ಹೆಸರನ್ನೇ ಇಟ್ಟರು. ಈ ಹದಿನೈದು ವರ್ಷಗಳಲ್ಲಿ 'ಹೊಸದು ಬರುತ್ತಿದೆಯಲ್ಲ' ಎಂದು ಕಾದವರು ಕಾದರು, ಬಿಟ್ಟು ಹೋದವರು ಹೋದರು. ಅದೇ ಅವಧಿಯಲ್ಲಿ ಪರ್ಲ್ 5ರ ಮೇಲೆ ಪ್ಲ್ಯಾಕ್, ಡ್ಯಾನ್ಸರ್, ಮೊಜೊಲಿಷಸ್‌ಗಳನ್ನು ಮಾಡಿದವರು ಇದ್ದದ್ದರ ಪಕ್ಕದಲ್ಲಿ ಒಂದು ಹೊಸ ಕೋಣೆ ಕಟ್ಟಿದರು. ಇಂದು ನಾವು ಬಳಸುತ್ತಿರುವುದು ಅವರ ಕೋಣೆಯನ್ನು.

ಇನ್ನೊಂದು ಉದಾಹರಣೆ ನಮ್ಮ ಊರುಗಳಲ್ಲೇ ಇದೆ. ಗ್ರಂಥಾಲಯಗಳು ಬಳಸುವ ಕೋಹಾ ಎಂಬ ತಂತ್ರಾಂಶ ಕರ್ನಾಟಕದ ಹಲವು ಕಾಲೇಜುಗಳಲ್ಲೂ ಇದೆ. ನಮ್ಮಲ್ಲಿ ಎಷ್ಟೋ ಜನರ ಮಕ್ಕಳು ಪುಸ್ತಕ ಹುಡುಕುವುದು ಅದರಲ್ಲೇ. ಅದು ಪರ್ಲ್‌ನಲ್ಲಿ ಬರೆದದ್ದು. ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಕಡೆಯ ಗ್ರಂಥಾಲಯದ ಹಳೆಯ ವ್ಯವಸ್ಥೆ 2000ನೇ ಇಸವಿಯನ್ನು ದಾಟುವಂತಿರಲಿಲ್ಲ. ಅದಕ್ಕಾಗಿ 1999ರಲ್ಲಿ ಇದನ್ನು ಬರೆಯಿಸಿದರು, 2000ದ ಜನವರಿಯಲ್ಲಿ ಬಳಕೆಗೆ ತಂದರು, ಮತ್ತು ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು. ಕೋಹಾ ಎಂದರೆ ಮಾವೊರಿ ಭಾಷೆಯಲ್ಲಿ ಕೊಡುಗೆ. ಮೊಬೈಲ್ ಆ್ಯಪ್‌ಗಳೂ ಬೇರೆ ತಂತ್ರಾಂಶಗಳೂ ಗ್ರಂಥಾಲಯದ ಮಾಹಿತಿಯನ್ನು ಕೇಳುವ ಕಾಲ ಬಂದಾಗ ಕೋಹಾದವರು ಇಡೀ ಮನೆ ಕೆಡವಲಿಲ್ಲ. ಹೊರಗಿನವರು ಮಾತಾಡಲು ಬೇಕಾದ ಹೊಸ ಬಾಗಿಲನ್ನು ಮೊಜೊಲಿಷಸ್‌ನಲ್ಲಿ ಮಾಡಿ ಜೋಡಿಸಿದರು. ನಾವು ಗೇಟಿನಲ್ಲಿ ಮಾಡಿದ್ದೂ ಸಣ್ಣ ಪ್ರಮಾಣದಲ್ಲಿ ಅದನ್ನೇ.

ಗ್ರಂಥಾಲಯದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಇಲ್ಲಿ ನಮ್ಮ ಬಡಾವಣೆಯ ಕನ್ನಡ ಗೆಳೆಯರದ್ದು ಒಂದು ಪುಸ್ತಕದ ಕಪಾಟಿದೆ. ಊರಿಗೆ ಹೋದವರೆಲ್ಲ ತಂದು ಹಾಕಿ ಈಗ ಆರೇಳು ನೂರು ಪುಸ್ತಕಗಳಾಗಿವೆ. ಯಾವುದು ಯಾರ ಮನೆಯಲ್ಲಿದೆ ಎಂದು ತಿಳಿಯುವುದೇ ಕಷ್ಟವಾಗಿತ್ತು. ಅದಕ್ಕೆ ಕೋಹಾ ದೊಡ್ಡದಾಯಿತು. ಎರಡು ಭಾನುವಾರ ಕೂತು ಮೊಜೊಲಿಷಸ್ ಲೈಟ್‌ನಲ್ಲಿ ಒಂದು ಕಡತದ ಅಪ್ಲಿಕೇಶನ್ ಬರೆದೆ. ಪುಟದ ಮೇಲಿನ ಮಾತೆಲ್ಲ ಕನ್ನಡದಲ್ಲೇ. ಕಡತದೊಳಗೆ ನೇರವಾಗಿ ಕನ್ನಡ ಬರೆದರೂ ಫ್ರೇಮ್‌ವರ್ಕ್ ತಕರಾರು ಮಾಡಲಿಲ್ಲ.

ತಕರಾರು ಬಂದದ್ದು ಡೇಟಾಬೇಸಿನಲ್ಲಿ. ಸೇರಿಸಿದ ಪುಸ್ತಕದ ಹೆಸರು ವಾಪಸು ಬರುವಾಗ ಅರ್ಥವಿಲ್ಲದ ಚಿಹ್ನೆಗಳ ಸರಮಾಲೆಯಾಗುತ್ತಿತ್ತು. ಕಾರಣ ಸರಳ. 'ಕನ್ನಡ' ಎಂಬ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಐದು: ಕ, ನ, ವಿರಾಮ, ನ, ಡ. ಡಿಸ್ಕಿನ ಮೇಲೆ ಒಂದೊಂದಕ್ಕೂ ಮೂರು ಬೈಟಿನಂತೆ ಹದಿನೈದು ಬೈಟು. ಆ ಹದಿನೈದು ಬೈಟುಗಳನ್ನೇ ಹದಿನೈದು ಅಕ್ಷರಗಳೆಂದು ಪರ್ಲ್ ತಿಳಿದರೆ ಗೊಂದಲ ತಪ್ಪದು. ಡೇಟಾಬೇಸ್ ಸಂಪರ್ಕದಲ್ಲಿ ಯೂನಿಕೋಡ್‌ನ ಆಯ್ಕೆಯನ್ನು ಆನ್ ಮಾಡಿದ ಮೇಲೆ ಸರಿಹೋಯಿತು. ಆಮೇಲೆ ಅಕಾರಾದಿಯ ತೊಡಕು. ಯೂನಿಕೋಡ್‌ನ ಸಂಖ್ಯೆಗಳಲ್ಲಿ ಳಕಾರ ಲಕಾರದ ಪಕ್ಕದಲ್ಲಿದೆ, ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ಆಚೆ. ಸಂಖ್ಯೆಯ ಪ್ರಕಾರ ಜೋಡಿಸಿದರೆ 'ಬಳೆ' ಮುಂದೆ, 'ಬಸವ' ಹಿಂದೆ. ಸರಿಯಾಗಿ ವಿಂಗಡಿಸುವ ಕೆಲಸಕ್ಕೆಂದೇ ಒಂದು ಮಾಡ್ಯೂಲ್ ಪರ್ಲ್ ಜೊತೆಗೇ ಬರುತ್ತದೆ, ಬೇರೆ ಬೇರೆ ಭಾಷೆಗಳಿಗಿರುವ ನಿಯಮಗಳಲ್ಲಿ ಅದು ಕನ್ನಡಕ್ಕೂ ಜಾಗ ಕೊಟ್ಟಿದೆ. ಸತ್ತಿದೆ ಎಂದು ನಾವು ನಗುವ ಭಾಷೆಯೊಳಗೆ ನಮ್ಮ ಭಾಷೆಯ ಅಕಾರಾದಿಯನ್ನು ಯಾರೋ ನೆನೆದು ಇಟ್ಟಿದ್ದಾರೆ.

ಕಲಿಯಬೇಕೇ?

ಅಕ್ಕನ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಈ ಮೀಟಿಂಗಿನ ಕಥೆ ಕೇಳಿ, 'ಮಾಮಾ, ನಾನೂ ಪರ್ಲ್ ಕಲೀಲೇನು?' ಎಂದ.

'ನೌಕರಿ ಸಲುವಾಗಿ ಅಂದ್ರ ಬ್ಯಾಡ' ಎಂದೆ. ಸುಳ್ಳು ಹೇಳಿ ಏನು ಪ್ರಯೋಜನ? ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಪರ್ಲ್ ಕೇಳುವುದಿಲ್ಲ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಗೊತ್ತಿದ್ದರೆ ತೆರೆಯುವ ಬಾಗಿಲುಗಳು ಪರ್ಲ್‌ಗೆ ತೆರೆಯುವುದಿಲ್ಲ. ಎಐ ಕೆಲಸದ ಸಲಕರಣೆಗಳೆಲ್ಲ ಮೊದಲು ಪೈಥಾನಿಗೆ ಬರುತ್ತವೆ. ನೂರು ಜನರ ತಂಡ ಕಟ್ಟಬೇಕಾದ ಹೊಸ ಉತ್ಪನ್ನಕ್ಕೆ ಪರ್ಲ್ ಆರಿಸಿ ಎಂದು ನಾನೂ ಹೇಳುವುದಿಲ್ಲ, ಅಷ್ಟು ಜನ ಸಿಗುವುದಿಲ್ಲ. ನಮ್ಮ ಮುಖ್ಯಸ್ಥರ ನಗುವಿನ ಹಿಂದೆ ಈ ಆತಂಕವಿದ್ದರೆ ಅದು ನ್ಯಾಯವಾದದ್ದೇ.

'ಮತ್ತ ನೀವ್ಯಾಕ ಬಿಟ್ಟಿಲ್ಲ ಅದನ್ನ?' ಎಂದ ಹುಡುಗ.

ಬಿಡಲು ಕಾರಣ ಸಿಕ್ಕಿಲ್ಲ, ಅದಕ್ಕೆ ಬಿಟ್ಟಿಲ್ಲ. ಆ ಅಪ್ಲಿಕೇಶನ್ ಮಾಡಬೇಕಾದ ಕೆಲಸವನ್ನು ಮಾಡುತ್ತಿದೆ. ಪರ್ಲ್ ಕೂಡ ನಿಂತ ನೀರಲ್ಲ, ವರ್ಷಕ್ಕೊಂದು ಹೊಸ ಆವೃತ್ತಿ ಬರುತ್ತಿದೆ. ಬೇರೆ ಭಾಷೆಗಳವರು ಸಾಮಾನ್ಯವೆಂದುಕೊಂಡಿದ್ದ ಕೆಲವು ಸೌಲಭ್ಯಗಳು ತಡವಾಗಿಯಾದರೂ 2022ರ 5.36ರಲ್ಲಿ, 2023ರ 5.38ರಲ್ಲಿ ಸೇರಿಕೊಂಡಿವೆ. ಹೊಸದು ಬರುವಾಗ ಹಳೆಯ ಪ್ರೋಗ್ರಾಮನ್ನು ಆದಷ್ಟು ಕೆಡಿಸದೆ ಬರುವುದು ಅಲ್ಲಿಯ ಪದ್ಧತಿ. ನನ್ನಂಥ ಗೇಟು ಕಾಯುವವನಿಗೆ ಇದೇ ದೊಡ್ಡ ಗುಣ.

ಹಾಗಾಗಿ ಮುಂದಿನ ಮೀಟಿಂಗಿನಲ್ಲಿ ನಾನು ನಗುವುದಿಲ್ಲ. ಪಟ್ಟಿಯ ಪ್ರತಿ ಸಾಲಿಗೂ ವಯಸ್ಸು ಕೇಳುವ ಬದಲು ಮೂರು ಪ್ರಶ್ನೆ ಕೇಳೋಣ ಎನ್ನುತ್ತೇನೆ. ಇದು ಮಾಡಬೇಕಾದ ಕೆಲಸವನ್ನು ಮಾಡುತ್ತಿದೆಯೇ? ಬರೆದವರನ್ನು ಬಿಟ್ಟು ಇನ್ನಿಬ್ಬರಾದರೂ ಇದನ್ನು ಓದಿ ತಿದ್ದಬಲ್ಲರೇ? ಇದನ್ನು ತೆಗೆದು ಹೊಸದು ಬರೆಯುವ ಅವಧಿಯಲ್ಲಿ ಗೇಟಿನಲ್ಲಿ ನಿಲ್ಲುವ ಟ್ರಕ್ಕಿನ ಹೊಣೆ ಯಾರದು? ಎರಡನೆಯ ಪ್ರಶ್ನೆಗೆ ಉತ್ತರ 'ಇಲ್ಲ' ಎಂದಾದರೆ, ಅದು ಪರ್ಲ್ ಆಗಲಿ, ಹೋದ ವರ್ಷ ಬಂದ ಹೊಸ ಭಾಷೆಯಾಗಲಿ, ಮೊದಲು ಅದನ್ನೇ ಸರಿಮಾಡಬೇಕು. 2019ರಲ್ಲಿ ಈ ಪ್ರಶ್ನೆ ಕೇಳಿದ್ದರೆ ನನ್ನ 17ನೇ ಸಾಲು ಉಳಿಯುತ್ತಿರಲಿಲ್ಲ. ಉಳಿಯಲೂಬಾರದಿತ್ತು.

ಈ ಸಲ ಹಬ್ಬಕ್ಕೆ ನಾಲ್ಕು ದಿನ ಊರಿಗೆ ಹೋಗಿದ್ದೆ. ಅದೇ ವಾರ ಗೇಟಿನ ಫಾರ್ಮಿನಲ್ಲಿ ಒಂದು ಹೊಸ ಕಾಲಂ ಸೇರಿಸಬೇಕಿತ್ತು. ಆ ಇಬ್ಬರು ಹುಡುಗರೇ ಬರೆದು, ಪರೀಕ್ಷೆ ಓಡಿಸಿ, ಮಧ್ಯಾಹ್ನದ ಪಾಳಿ ನಡೆದಿರುವಾಗಲೇ ಹಾಕಿದರಂತೆ. ನನಗೆ ಗೊತ್ತಾದದ್ದು ವಾಪಸು ಬಂದ ಮೇಲೆ. ಊರಿನಲ್ಲಿದ್ದ ನಾಲ್ಕೂ ದಿನ ಆಫೀಸಿನಿಂದ ಒಂದು ಫೋನೂ ಬರಲಿಲ್ಲ.